ನಿಧಾನದ ಹೊಣೆ ಡಿಸ್ಕಿನದಲ್ಲ

ಸೆವೆನ್‌ಜಿಪ್‌ಗೆ ಇರುವ ಹೆಸರಿನಲ್ಲಿ ಅರ್ಧ ನ್ಯಾಯವಾದದ್ದು, ಅರ್ಧ ಉಬ್ಬಿಸಿದ್ದು. 1999ರಲ್ಲಿ ಇಗೊರ್ ಪಾವ್ಲೊವ್ ಹೊರತಂದ ಈ ಉಚಿತ ತಂತ್ರಾಂಶ ಫೈಲುಗಳನ್ನು ಕುಗ್ಗಿಸುವುದರಲ್ಲಿ ಎತ್ತಿದ ಕೈ. ಅದನ್ನು ಮತ್ತೆ ವಿವರಿಸಬೇಕಿಲ್ಲ. ನನ್ನ ತಕರಾರು ಕುಗ್ಗಿಸಿದ್ದನ್ನು ಬಿಡಿಸುವ ಬಗೆಯ ಮೇಲೆ.

ಅಂತರಘಟ್ಟಮ್ಮನ ಜಾತ್ರೆಗೆ ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳನ್ನು ಚಿತ್ರೀಕರಿಸುವ ಸ್ಟುಡಿಯೊದವರನ್ನೇ ನೋಡಿ. ಹೋದ ವರ್ಷದ 20 ಜಿಬಿ ವಿಡಿಯೊ, ಫೋಟೊಗಳ ಆರ್ಕೈವ್ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆ ಎನ್ನೋಣ. ಅದನ್ನು ಸೆವೆನ್‌ಜಿಪ್‌ನಲ್ಲಿ ತೆರೆದು, ಎಲ್ಲವನ್ನೂ ಮೌಸಿನಿಂದ ಎಳೆದು ಡಿ ಡ್ರೈವಿನ ಫೋಲ್ಡರಿಗೆ ಬಿಡುತ್ತಾರೆ. ಗಂಟು ಇರುವುದು ಇಲ್ಲೇ. ಎಲ್ಲಿಗೆ ಬಿಟ್ಟರು ಎಂಬುದು ವಿಂಡೋಸ್ ಎಕ್ಸ್‌ಪ್ಲೋರರ್‌ಗೆ ಗೊತ್ತೇ ಹೊರತು ಸೆವೆನ್‌ಜಿಪ್‌ಗೆ ಗೊತ್ತಾಗುವುದಿಲ್ಲ. ಹಾಗಾಗಿ ಅದು ಮೊದಲು ಎಲ್ಲವನ್ನೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುವ ಟೆಂಪ್ ಫೋಲ್ಡರಿಗೆ ಬಿಡಿಸುತ್ತದೆ. ಆಮೇಲೆ ಎಕ್ಸ್‌ಪ್ಲೋರರ್ ಅಲ್ಲಿಂದ ಡಿಗೆ ನಕಲು ಮಾಡುತ್ತದೆ. 20 ಜಿಬಿ ಬರೆಯುವ ಕಡೆ 40 ಜಿಬಿ ಬರೆದಂತಾಯಿತು, ನಡುವೆ ಇನ್ನೊಂದು ಸಲ ಓದಿದ್ದೂ ಆಯಿತು. ಸಿ ಮತ್ತು ಡಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳಾಗಿದ್ದರೆ ಓದುವ ಹೆಡ್ ಅತ್ತಿಂದಿತ್ತ ಓಡಾಡುತ್ತಲೇ ಇರಬೇಕು. ನಿಮಿಷಕ್ಕೆ 5400 ಸುತ್ತಿನ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಸಿ ಡ್ರೈವಿನಲ್ಲಿ ಜಾಗ ಸಾಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಅದೇ 'ಎಕ್ಸ್‌ಟ್ರಾಕ್ಟ್' ಒತ್ತಿ ಜಾಗ ತೋರಿಸಿದರೆ ಫೈಲುಗಳು ನೇರ ಅಲ್ಲಿಗೇ ಹೋಗುತ್ತವೆ, ಒಂದೇ ಸಲ. ಈ ಕಾರಣವನ್ನೂ ಪರಿಹಾರವನ್ನೂ ತಂತ್ರಾಂಶದ ತಾಣದ ಪ್ರಶ್ನೋತ್ತರದಲ್ಲಿ ಬರೆದಿದ್ದಾರೆ. ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಎಳೆಯುವವನಿಗೆ ಎಳೆಯುವ ಹೊತ್ತಿನಲ್ಲೇ ಹೇಳಬೇಕಾದ ಮಾತನ್ನು ಅವನು ಎಂದೂ ತೆರೆಯದ ಪುಟದಲ್ಲಿ ಇಡುವುದು ಸರಿಯಲ್ಲ.

ನಮ್ಮ ತಂತ್ರಜ್ಞಾನ ಅಂಕಣಕಾರರು ಇದನ್ನು ಕೇಳುವುದೇ ಇಲ್ಲ. ಅವರ ಪಟ್ಟಿಯಲ್ಲಿ ಇರುವುದು ಎಷ್ಟು ಕುಗ್ಗಿತು ಎಂಬುದೊಂದೇ. ಅದನ್ನು ಓದಿದವರು ಜಾತ್ರೆಯ ಫೋಟೊಗಳಿಗೂ 'ಅಲ್ಟ್ರಾ' ಆರಿಸುತ್ತಾರೆ. ಜೆಪೆಗ್ ಫೋಟೊ, ಎಂಪಿ4 ವಿಡಿಯೊ ಮೊದಲೇ ಕುಗ್ಗಿದವು. ಇನ್ನು ಕುಗ್ಗುವುದು ಅತ್ಯಲ್ಪ. ಮೇಲೆ, ಹಲವು ಫೈಲುಗಳನ್ನು ಒಂದೇ ಬ್ಲಾಕಾಗಿ ಕುಗ್ಗಿಸುವ 'ಸಾಲಿಡ್' ಆರ್ಕೈವ್ ಆದರೆ ಕೊನೆಯ ಒಂದು ಫೋಟೊ ತೆಗೆಯಲು ಅದೇ ಬ್ಲಾಕಿನಲ್ಲಿ ಅದಕ್ಕೂ ಮುಂಚೆ ಇರುವುದನ್ನೆಲ್ಲ ಬಿಡಿಸಬೇಕು. ಇಂಥವಕ್ಕೆ ಕುಗ್ಗಿಸದೆ ಹಾಗೆಯೇ ಇಡುವ 'ಸ್ಟೋರ್' ಸಾಕು.

ನಿಧಾನವೆಂದರೆ ಎಸ್‌ಎಸ್‌ಡಿ ಹಾಕಿಸಿ ಎನ್ನುವುದು ಅವರ ಇನ್ನೊಂದು ಸಿದ್ಧ ಉತ್ತರ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಲಿ. ಸಿಪಿಯು ನೂರು ಮುಟ್ಟಿ ಡಿಸ್ಕ್ ಖಾಲಿ ಕುಳಿತಿದ್ದರೆ ಎಸ್‌ಎಸ್‌ಡಿಗೆ ಕೊಟ್ಟ ದುಡ್ಡು ದಂಡ. ಡಿಸ್ಕ್ ನೂರಕ್ಕೆ ಮುಟ್ಟಿದ್ದರೂ ಎಸ್‌ಎಸ್‌ಡಿ ಎರಡು ಸಲದ ಬರಹವನ್ನು ಬೇಗ ಮುಗಿಸುತ್ತದೆ, ತಪ್ಪಿಸುವುದಿಲ್ಲ.

ಕುಗ್ಗಿಸುವ ವಿಧಾನಕ್ಕೆ ಸಿಕ್ಕ ಹೊಗಳಿಕೆ ಅದಕ್ಕೇ ಇರಲಿ. ಎಳೆದು ಬಿಡುವ ಅನುಕೂಲಕ್ಕೂ ಅದನ್ನು ಹಂಚಿದ್ದು ವಿಮರ್ಶಕರ ಸೋಮಾರಿತನ. ಅದರ ಬೆಲೆ ತೆತ್ತವರು, ಚೆನ್ನಾಗಿರುವ ಡಿಸ್ಕನ್ನೇ ಕೆಟ್ಟಿತೆಂದು ಬದಲಿಸಿದವರು.