ಪರದೆಗೆ ಬಾರದ ಒಕ್ಕಲಗಿತ್ತಿ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರಕಾರಗಳಿಗೆ ಕಿರುಚಿತ್ರದ ಮೇಲೆ ಅಪಾರ ನಂಬಿಕೆ ಹುಟ್ಟಿತು. ಸೈನಿಕರನ್ನು ತರಬೇತುಗೊಳಿಸಿದ ಸಾಧನ ಒಳ್ಳೆಯ ನಾಗರಿಕರನ್ನೂ ತಯಾರಿಸಬಲ್ಲದು ಎಂದು ಅಮೆರಿಕದವರು ನಂಬಿದರು, ಹೊಸದಾಗಿ ಸ್ವತಂತ್ರವಾದ ಭಾರತವೂ ನಂಬಿತು. 1948ರಲ್ಲಿ ಮುಂಬಯಿಯಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್, ಅದರ ಚಿತ್ರಗಳನ್ನು ಊರೂರಿಗೆ ಹೊತ್ತೊಯ್ದ ಪ್ರಚಾರ ಇಲಾಖೆಯ ವ್ಯಾನುಗಳು, ಕೊನೆಗೆ ಉಪಗ್ರಹದಿಂದ ಹಳ್ಳಿಯ ಶಾಲೆಗೆ ಇಳಿದ ಟೆಲಿವಿಷನ್, ಇವೆಲ್ಲ ಒಂದೇ ಪರಂಪರೆಯ ಕೊಂಡಿಗಳು. ಈ ಪರಂಪರೆ ಹೆಣ್ಣಿಗೆ ಎಷ್ಟೋ ಉಪಯುಕ್ತ ಸಂಗತಿಗಳನ್ನು ಹೇಳಿಕೊಟ್ಟಿತು. ಆದರೆ ಹೇಳಿಕೊಡುವ ಭರದಲ್ಲಿ ಅವಳ ದುಡಿಮೆಯನ್ನೂ ತಿಳಿವನ್ನೂ ಪರದೆಯಿಂದ ಆಚೆಗಿಟ್ಟಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಬೇವೂರು, ಹುನಗುಂದ, ಇಳಕಲ್ಲಿನ ನೆಲದಿಂದ ನೋಡಿದರೆ ಆ ನಷ್ಟ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ಶಾಲಾಚಿತ್ರಗಳ ಉದ್ದೇಶ ಮುಚ್ಚುಮರೆಯಿಲ್ಲದ್ದು. ಯುದ್ಧಕಾಲದಲ್ಲಿ ಕಾರ್ಖಾನೆಗೆ ಹೋದ ಹೆಂಗಸರನ್ನು ಮರಳಿ ಮನೆಗೆ ಕಳಿಸಬೇಕಾಗಿತ್ತು. 1950ರ ‘ಎ ಡೇಟ್ ವಿತ್ ಯುವರ್ ಫ್ಯಾಮಿಲಿ’ ಎಂಬ ಕಿರುಚಿತ್ರದಲ್ಲಿ ತಾಯಿಯೂ ಮಗಳೂ ರಾತ್ರಿಯ ಊಟಕ್ಕೆ ಮುಂಚೆ ಉಡುಪು ಬದಲಿಸಿ, ಗಂಡಸರ ಕಣ್ಣಿಗೆ ಹಿತವಾಗಿ ಕಾಣಲು ಸಿದ್ಧರಾಗುತ್ತಾರೆ. ಮರುವರ್ಷದ ‘ದ ಹೋಮ್ ಎಕನಾಮಿಕ್ಸ್ ಸ್ಟೋರಿ’ ಕಾಲೇಜಿಗೆ ಬರುವ ಹುಡುಗಿಯರನ್ನು ಗೃಹವಿಜ್ಞಾನಕ್ಕೆ ಕರೆಯುತ್ತದೆ. ಈ ಮಾದರಿಯನ್ನು ನಮ್ಮವರು ಹಾಗೆಯೇ ನಕಲು ಮಾಡಿದರೆಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಬಯಲುಸೀಮೆಯ ಹೆಣ್ಣು ಮನೆ ಬಿಟ್ಟು ಕಾರ್ಖಾನೆಗೆ ಹೋದವಳಲ್ಲ, ಅವಳನ್ನು ಮರಳಿ ಕರೆಯುವ ಪ್ರಶ್ನೆಯೇ ಇರಲಿಲ್ಲ. ಅವಳು ಹೊಲದಲ್ಲೇ ಇದ್ದಳು. ಇಲ್ಲಿ ಆದದ್ದು ಇನ್ನೂ ವಿಚಿತ್ರ: ಹೊಲದಲ್ಲಿದ್ದವಳನ್ನು ಅಡುಗೆಮನೆಯಲ್ಲಿ ಇರುವವಳೆಂದು ಭಾವಿಸಿ ಅವಳಿಗೆ ಪಾಠ ಹೇಳಲಾಯಿತು.

ಇದಕ್ಕೆ ಚಿತ್ರಗಳ ಕಟ್ಟಣೆಯೂ ಕಾರಣವಾಗಿತ್ತು. ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರವನ್ನು ಪ್ರತಿ ಕಥಾಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ಷರತ್ತು ಟಾಕೀಸುಗಳ ಲೈಸೆನ್ಸಿನಲ್ಲಿ ಇತ್ತು. ಒಂದೇ ಚಿತ್ರ ಹತ್ತಾರು ಭಾಷೆಗಳಲ್ಲಿ ಹೋಗಬೇಕು. ಪರದೆಯ ಮೇಲಿನವರು ಮಾತಾಡಿದರೆ ಪ್ರತಿ ಭಾಷೆಗೂ ತುಟಿಗೆ ಮಾತು ಹೊಂದಿಸಬೇಕಾಗುತ್ತದೆ. ಅವರು ಸುಮ್ಮನೆ ಕೆಲಸ ಮಾಡುತ್ತಿದ್ದು ಮೇಲಿನಿಂದ ಒಂದು ಧ್ವನಿ ವಿವರಿಸಿದರೆ ಖರ್ಚು ಕಡಿಮೆ. ಆ ಧ್ವನಿ ಬಹುಮಟ್ಟಿಗೆ ಓದು ಬಲ್ಲ ಪಟ್ಟಣದ ಗಂಡಸಿನದು. ಹೀಗೆ ಉಳಿತಾಯಕ್ಕಾಗಿ ಬಂದ ಪದ್ಧತಿಯೇ ಒಂದು ಸಂಬಂಧವನ್ನು ರೂಢಿಗೆ ತಂದಿತು: ಅವನು ಹೇಳುವವನು, ಅವಳು ತೋರಿಸಲ್ಪಡುವವಳು. ಗಂಡು ರೈತನೂ ಮೂಕನಾಗಿಯೇ ಇದ್ದ, ನಿಜ. ಆದರೆ ಅವನ ಕೈಯಲ್ಲಿ ಹೊಸ ಬೀಜ, ಗೊಬ್ಬರ, ಪಂಪ್‌ಸೆಟ್ಟು ಇರುತ್ತಿತ್ತು, ಅವನು ದೇಶ ಕಟ್ಟುತ್ತಿದ್ದ. ಅವಳ ಕೈಯಲ್ಲಿ ಮಗು ಇರುತ್ತಿತ್ತು. ಸಮುದಾಯ ಅಭಿವೃದ್ಧಿ ಯೋಜನೆಯಲ್ಲಿ ಕೃಷಿಗೆ ಗ್ರಾಮಸೇವಕ, ಮನೆವಾರ್ತೆಗೆ ಗ್ರಾಮಸೇವಿಕೆ ಎಂದು ಸರಕಾರ ಹಂಚಿದ್ದ ಕೆಲಸವನ್ನು ಕಿರುಚಿತ್ರ ಕಣ್ಣಿಗೆ ಕಟ್ಟುವಂತೆ ಮಾಡಿತು, ಅಷ್ಟೆ.

ಈ ಪರಂಪರೆಯ ಅತಿ ದೊಡ್ಡ ಪ್ರಯೋಗ ನಮ್ಮ ಭಾಗದಲ್ಲಿಯೂ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಎಂಬ ಉಪಗ್ರಹ ಶಿಕ್ಷಣ ಟೆಲಿವಿಷನ್ ಪ್ರಯೋಗದಲ್ಲಿ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೇವೂರು, ಬಾದಾಮಿ, ಇಳಕಲ್ ಎಲ್ಲವೂ ಆಗ ವಿಜಾಪುರ ಜಿಲ್ಲೆಯವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ, ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಒಂದು ಸೆಟ್ಟು, ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಪೌಷ್ಟಿಕ ಆಹಾರ, ಕುಟುಂಬ ಯೋಜನೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ವಿಷಯಗಳ ಆ ಪಟ್ಟಿಯಲ್ಲೇ ತೊಡಕಿದೆ. ಕೃಷಿ ಗಂಡಸಿಗೆ, ಆರೋಗ್ಯ ಮತ್ತು ಆಹಾರ ಹೆಂಗಸಿಗೆ ಎಂಬ ಹಂಚಿಕೆ ಈ ಸೀಮೆಯ ಯಾವ ಹೊಲಕ್ಕೂ ಹೊಂದುವಂಥದ್ದಲ್ಲ. ಮಳೆ ನಂಬಿದ ಜೋಳದ ಹೊಲದಲ್ಲಿ ಕಳೆ ತೆಗೆಯುವವಳು, ಕೊಯ್ಲಿಗೆ ಬಗ್ಗುವವಳು, ಕಾಳು ಹಸನು ಮಾಡುವವಳು, ಮುಂದಿನ ಬಿತ್ತಿಗೆಗೆ ಬೀಜ ತೆಗೆದಿಡುವವಳು ಹೆಣ್ಣು. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತವನನ್ನು ನೇಕಾರನೆಂದು ಕರೆದರೂ, ನೂಲು ಬಿಡಿಸಿ ಕಂಡಿಕೆ ಸುತ್ತಿ ಕೊಡುವ ಹೆಂಗಸಿನ ಕೈ ನಿಂತರೆ ಲಾಳಿಯೂ ನಿಲ್ಲುತ್ತದೆ. ಹೀಗಿರುವಾಗ ಹೊಸ ಬೀಜದ ಮಾತನ್ನು ಗಂಡಸಿಗೆ ಹೇಳಿ, ಹೆಂಗಸಿಗೆ ಸೊಪ್ಪು ಬೇಯಿಸುವ ಕ್ರಮ ಹೇಳಿದರೆ ಬೀಜ ಬಲ್ಲವಳಿಗೆ ಬೀಜದ ಸುದ್ದಿಯೇ ಮುಟ್ಟುವುದಿಲ್ಲ. ಮೇಲಾಗಿ ಸಂಜೆಯ ಆ ಹೊತ್ತು ಅವಳು ಒಲೆಯ ಮುಂದೆ ರೊಟ್ಟಿ ಬಡಿಯುವ ಹೊತ್ತು. ಜನಗಣತಿಯೂ ಇದೇ ಕಣ್ಣಿನಿಂದ ನೋಡಿತು. 1971ರಲ್ಲಿ ಮುಖ್ಯ ಉದ್ಯೋಗ ಯಾವುದೆಂದು ಕೇಳಿದಾಗ ‘ಮನೆಗೆಲಸ’ ಎಂದವಳ ಹೊಲದ ದುಡಿಮೆ ಲೆಕ್ಕದಿಂದ ಜಾರಿತು, ದುಡಿಯುವ ಹೆಂಗಸರ ಸಂಖ್ಯೆ ಕಾಗದದಲ್ಲಿ ಕುಸಿಯಿತು. ಗಣತಿಯವರು ಬಿಟ್ಟದ್ದನ್ನು ಕ್ಯಾಮೆರಾ ಹಿಡಿಯಬಹುದಿತ್ತು, ಹಿಡಿಯಲಿಲ್ಲ.

ಕುಟುಂಬ ಯೋಜನೆಯ ಪ್ರಚಾರವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಹೆಣ್ಣಿನ ದೇಹವನ್ನು ಈ ಪರಂಪರೆ ನೇರವಾಗಿ ಮುಟ್ಟಿದ್ದು ಅಲ್ಲಿ. ಮೈಸೂರು ಸಂಸ್ಥಾನ 1930ರಲ್ಲೇ ಸರಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. 1952ರಲ್ಲಿ ಕುಟುಂಬ ಯೋಜನೆ ರಾಷ್ಟ್ರದ ಕಾರ್ಯಕ್ರಮವಾಯಿತು. ಮುಂದೆ ಅದರ ಗುರುತಾದ ಕೆಂಪು ತ್ರಿಕೋನ ಗೋಡೆ ಗೋಡೆಗೂ ಬಂತು. ಫಿಲ್ಮ್ಸ್ ಡಿವಿಷನ್ನಿನ ಪ್ರಮೋದ್ ಪತಿಯಂಥ ಪ್ರತಿಭಾವಂತರು ಈ ವಿಷಯಕ್ಕೆ ಚುರುಕಾದ ಅನಿಮೇಷನ್ ಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಒಂದರ ಹೆಸರು ‘ಮೈ ವೈಸ್ ಡ್ಯಾಡಿ’, ವಿವೇಕದ ಶ್ರೇಯ ತಂದೆಯ ಪಾಲಿಗೆ. ಕನ್ನಡದಲ್ಲಿ ನಮಗೆಲ್ಲ ಬಾಯಿಪಾಠವಾದ ಘೋಷಣೆ ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’. ಮಕ್ಕಳು ಎರಡು ಸಾಕು ಎನ್ನುವ ಆಧುನಿಕ ಮಾತಿನೊಳಗೇ ಮಗಳು ಆರತಿ ತಟ್ಟೆ ಹಿಡಿಯುವವಳು, ಮಗ ಮನೆತನಕ್ಕೆ ಹೆಸರು ತರುವವನು ಎಂಬ ಹಳೆಯ ಲೆಕ್ಕ ಕೂತಿದೆ. ಹೆಣ್ಣು ಮಕ್ಕಳಷ್ಟೇ ಇರುವ ತಾಯಿಗೆ ಈ ಘೋಷಣೆ ಸಮಾಧಾನ ಹೇಳುವುದಿಲ್ಲ, ಮತ್ತೊಮ್ಮೆ ಬಸುರಾಗಲು ಕಾರಣ ಕೊಡುತ್ತದೆ.

ಆಮೇಲಿನದು ಇನ್ನೂ ಗಂಭೀರ. ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಆ ಬಲವಂತಕ್ಕೆ ಗಂಡಸರು ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟ ಮೇಲೆ ಇಡೀ ಭಾರ ಹೆಣ್ಣಿನ ಮೇಲೆ ಬಂದು ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತರಲ್ಲಿ ಸಂತಾನಹರಣಕ್ಕೆ ಒಳಗಾದ ಹೆಂಗಸರು ಶೇ. 37.9, ಗಂಡಸರು ಶೇ. 0.3. ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ ಅರ್ಧವನ್ನೂ ದಾಟಿದೆ. ಇದನ್ನು ಚಿತ್ರಗಳೇ ಮಾಡಿದವು ಎನ್ನುವುದು ಅತಿರೇಕ. ಆದರೆ ನಿರ್ಧಾರ ಅವನದು, ಪಾಲನೆ ಅವಳದು ಎಂಬ ಹಂಚಿಕೆಯನ್ನು ವರ್ಷಗಟ್ಟಲೆ ತೋರಿಸಿದ ಮೇಲೆ, ಭಾರ ಅವಳ ಕಡೆ ಜಾರಿದಾಗ ಯಾರಿಗೂ ಅದು ಅನ್ಯಾಯವಾಗಿ ಕಾಣಲಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಸೈಟ್‌ನ ಮೌಲ್ಯಮಾಪನ ನಡೆಸಿದ ಸಮಾಜವಿಜ್ಞಾನಿಗಳು, ಆರೋಗ್ಯ ಮತ್ತು ಕುಟುಂಬ ಯೋಜನೆಯ ತಿಳಿವಳಿಕೆ ಹೆಚ್ಚಾದದ್ದು ಮುಖ್ಯವಾಗಿ ಅನಕ್ಷರಸ್ಥರಲ್ಲಿ, ಹೆಂಗಸರಲ್ಲಿ ಎಂದು ವರದಿ ಮಾಡಿದರು. ಬಾಣಂತಿತನದಲ್ಲಿ, ಕೂಸಿನ ಭೇದಿಯಲ್ಲಿ ಜೀವ ಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಲಾಭವಲ್ಲ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಫಲಿತಾಂಶ ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ಕಲಿಯಲು ಅಷ್ಟು ಸಿದ್ಧಳಿದ್ದವಳಿಗೆ ಬೆಳೆಯ ಬೆಲೆ, ಕೂಲಿಯ ಕಾಯ್ದೆ, ಭೂಮಿಯ ಹಕ್ಕುಗಳನ್ನೂ ಅಷ್ಟೇ ಶ್ರದ್ಧೆಯಿಂದ ಹೇಳಿದ್ದರೆ ಅವಳು ಏನನ್ನೆಲ್ಲ ಕಲಿಯುತ್ತಿದ್ದಳು?

ಎರಡನೆಯ ಆಕ್ಷೇಪ ಕಾಲದ್ದು: ಆಗಿನ ಹಳ್ಳಿ ಹಾಗಿತ್ತು, ಹೆಣ್ಣು ಹೇಳುವ, ಗಂಡು ಕೇಳುವ ಚಿತ್ರವನ್ನು ಜನ ಒಪ್ಪುತ್ತಿರಲಿಲ್ಲ ಎಂಬುದು. ಆದರೆ ಆಗಿನ ಅರಿವಿಗೆ ಈ ಅನ್ಯಾಯ ನಿಲುಕದ್ದೇನೂ ಆಗಿರಲಿಲ್ಲ. ಮಹಿಳೆಯರ ಸ್ಥಾನಮಾನ ಕುರಿತ ಸಮಿತಿ ‘ಸಮಾನತೆಯೆಡೆಗೆ’ ಎಂಬ ವರದಿಯನ್ನು ಸರಕಾರಕ್ಕೆ ಕೊಟ್ಟದ್ದು 1974ರ ಕೊನೆಗೆ, ಸೈಟ್ ಶುರುವಾಗುವ ಮೊದಲೇ. ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರು 1971ಕ್ಕೆ 930ಕ್ಕೆ ಇಳಿದದ್ದನ್ನೂ, ಹೆಣ್ಣಿನ ದುಡಿಮೆ ಅಭಿವೃದ್ಧಿಯ ಹೆಸರಲ್ಲಿ ಬದಿಗೆ ಸರಿದದ್ದನ್ನೂ ಅದು ಬಿಡಿಸಿ ಹೇಳಿತ್ತು. ಇನ್ನು ಹಳ್ಳಿ ಒಪ್ಪುತ್ತಿರಲಿಲ್ಲ ಎಂಬ ಮಾತನ್ನು ಶರಣರ ಕೂಡಲಸಂಗಮ ಇರುವ ಹುನಗುಂದ ತಾಲೂಕಿನಲ್ಲಿ ನಿಂತು ಹೇಳುವುದು ಕಷ್ಟ. ಗಂಡ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದು ಕಾಯಕವಲ್ಲವೆಂದು ತಿದ್ದಿ ಮರಳಿ ಕಳಿಸಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಈ ಜನ ಪುರಾಣದಲ್ಲಿ, ಪ್ರವಚನದಲ್ಲಿ ಕೇಳುತ್ತ ಬಂದವರು. ಗಂಡನಿಗೆ ದುಡಿಮೆಯ ನೀತಿ ಹೇಳುವ ಹೆಂಡತಿ ಅವರಿಗೆ ಹೊಸಬಳಲ್ಲ. ಚಿತ್ರ ತಯಾರಿಸಿದವರಿಗೆ ಅವಳ ಪರಿಚಯ ಇರಲಿಲ್ಲ.

ಆ ಚಿತ್ರಗಳನ್ನು ಯಾರು ನೋಡುತ್ತಿದ್ದರು, ಟಾಕೀಸಿನಲ್ಲಿ ಅವು ಮುಗಿದ ಮೇಲೇ ಜನ ಒಳಗೆ ಬರುತ್ತಿದ್ದರು ಎನ್ನುವವರೂ ಇದ್ದಾರೆ. ಇರಬಹುದು. ಆದರೆ ಪ್ರೇಕ್ಷಕನಿಗಿಂತ ಹೆಚ್ಚು ಈ ಚಿತ್ರಗಳಿಂದ ರೂಪುಗೊಂಡವರು ಇಲಾಖೆಯವರು. ಕೃಷಿ ಸಹಾಯಕ ಯಾರ ಮನೆಯಲ್ಲಿ ಯಾರನ್ನು ಕೂಗಬೇಕು, ತರಬೇತಿಗೆ ಯಾರ ಹೆಸರು ಬರೆಯಬೇಕು, ದಾದಿ ಯಾರಿಗೆ ಬುದ್ಧಿ ಹೇಳಬೇಕು ಎಂಬ ನಿರೀಕ್ಷೆಯನ್ನು ಅವು ಕಚೇರಿಯ ರೂಢಿಯಾಗಿ ಮಾಡಿದವು. ಜನ ಚಿತ್ರ ಮರೆತರು, ಕಚೇರಿ ಮರೆಯಲಿಲ್ಲ.

ಬೇರೆ ಥರ ಮಾಡಬಹುದಿತ್ತು ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. 1980ರಲ್ಲಿ ಹುಟ್ಟಿದ ಯುಗಾಂತರ್ ಎಂಬ ಮಹಿಳಾ ಚಿತ್ರತಂಡ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣು ಕೂಲಿಗಳು ಸಂಘ ಕಟ್ಟಿದ ಬಗೆಯನ್ನು ಅವರೊಂದಿಗೇ ಕೂಡಿ ಚಿತ್ರವಾಗಿಸಿತು. 1982ರ ‘ತಂಬಾಕೂ ಚಾಕಿಲಾ ಊಬ್ ಆಲಿ’ಯಲ್ಲಿ ಕೂಲಿಗಳು ತಾವೇ ಮಾತಾಡುತ್ತಾರೆ, ತಮ್ಮ ಸಭೆ, ವಾದ, ಮುಷ್ಕರಗಳನ್ನು ತಾವೇ ವಿವರಿಸುತ್ತಾರೆ. ಆ ತಂಡದ ದೀಪಾ ಧನರಾಜ್ ಮುಂದೆ 1991ರಲ್ಲಿ ‘ಸಂಥಿಂಗ್ ಲೈಕ್ ಎ ವಾರ್’ ಎಂಬ ಚಿತ್ರದಲ್ಲಿ ಕುಟುಂಬ ಯೋಜನೆಯ ಶಿಬಿರದೊಳಗೆ ಕ್ಯಾಮೆರಾ ಒಯ್ದು, ಘೋಷಣೆಗಳ ಹಿಂದೆ ಹೆಣ್ಣಿನ ಮೈಗೆ ಏನಾಗುತ್ತಿದೆ ಎಂದು ತೋರಿಸಿದರು. ಸರಕಾರದ ಬಳಿ ಇದ್ದಷ್ಟು ಹಣ ಇವರ ಕೈಯಲ್ಲಿರಲಿಲ್ಲ, ಉಪಗ್ರಹವಂತೂ ಇರಲಿಲ್ಲ. ಇದ್ದದ್ದು, ತಿಳಿದವಳು ಎದುರಿಗಿದ್ದಾಳೆ ಎಂಬ ತಿಳಿವು.

ಈ ಲೆಕ್ಕ ಇಂದಿಗೂ ಮುಗಿದಿಲ್ಲ. ಪಹಣಿಯಲ್ಲಿ ಗಂಡನ, ಮಾವನ ಹೆಸರಿದ್ದರೆ 2019ರಿಂದ ಬರುವ ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ಅವರ ಖಾತೆಗೇ ಹೋಗುತ್ತದೆ. ಹಂಗಾಮು ಪೂರ್ತಿ ಹೊಲದಲ್ಲಿ ಬಗ್ಗಿದವಳು ಆ ಕಾಗದದಲ್ಲಿ ರೈತಳೇ ಅಲ್ಲ. ಮೊಬೈಲಿಗೆ ಬರುವ ಇಲಾಖೆಗಳ ಕಿರುವಿಡಿಯೊಗಳಲ್ಲಿ ಈಗಲೂ ಕೂಸಿನ ತೂಕದ ವಿಷಯಕ್ಕೆ ಒಬ್ಬ ತಾಯಿ, ಬೆಳೆವಿಮೆಯ ವಿಷಯಕ್ಕೆ ಒಬ್ಬ ರೈತ ಕಾಣುತ್ತಾರೆ. ಮುಂದಿನ ವಿಡಿಯೊ ತಯಾರಿಸುವ ಇಲಾಖೆ ಬೇವೂರಿನ ಹೊಲದಲ್ಲಿ ಕಳೆ ತೆಗೆಯುತ್ತಿರುವ ಒಕ್ಕಲಗಿತ್ತಿಯ ಹತ್ತಿರ ಮೊದಲು ಹೋಗಲಿ. ಬೆಳೆವಿಮೆಯ ಬಗ್ಗೆ ಅವಳಿಗೆ ಏನು ಗೊತ್ತು, ಏನು ಬೇಕು ಎಂದು ಕೇಳಲಿ, ಅವಳ ಉತ್ತರವನ್ನು ಅವಳ ಬಾಯಿಂದಲೇ, ಅವಳ ಕನ್ನಡದಲ್ಲೇ ಹಿಡಿಯಲಿ.