ಹಳೆಯ ತಾಮ್ರದ ಮೇಲೆ ಹೊಸ ಗಣಿತ

ದೂರವಾಣಿಯ ತಾಮ್ರದ ಜೋಡಿತಂತಿಯನ್ನು ಎಳೆದದ್ದು ಮಾತಿಗಾಗಿ. ಮಾತಿಗೆ 300ರಿಂದ 3400 ಹರ್ಟ್ಸ್ ಸಾಕು. ಅದರಾಚೆ ಖಾಲಿ ಬಿದ್ದಿದ್ದ ಜಾಗದಲ್ಲಿ ಬ್ರಾಡ್‌ಬ್ಯಾಂಡ್ ಹರಿಸಿದ ಸಿಗ್ನಲ್ ಪ್ರೊಸೆಸಿಂಗ್ ಸಂಶೋಧನೆಯನ್ನು ಹೊಗಳುವವರು ಸಾಮಾನ್ಯವಾಗಿ ವೇಗದ ಅಂಕಿ ಹಿಡಿದೇ ಹೊಗಳುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ಮೊದಲ ಘಟ್ಟದ ಸಂಶೋಧಕರು ತಂತಿ ಇದ್ದ ಹಾಗೇ ಅದನ್ನು ಒಪ್ಪಿಕೊಂಡರು; ಆಮೇಲೆ ಬಂದವರು ತಂತಿ ಹೀಗೇ ಇರಬೇಕು ಎಂದು ಕೇಳತೊಡಗಿದರು.

ಬೆಲ್‌ಕೋರ್‌ನ ಜೋಸೆಫ್ ಲೆಕ್‌ಲೈಡರ್ ಮನೆಗೆ ಬರುವ ಕಡೆ ಹೆಚ್ಚು ವೇಗ, ಹೋಗುವ ಕಡೆ ಕಡಿಮೆ ವೇಗ ಇಡೋಣ ಎಂದರು. ಸ್ಟ್ಯಾನ್‌ಫರ್ಡ್‌ನ ಜಾನ್ ಚಿಯೋಫಿ ಮತ್ತು ಸಂಗಡಿಗರು ಮಾತಿನಾಚೆಯ ಆ ಖಾಲಿ ಜಾಗವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿದರು. ಈ ಎರಡೂ ಸೇರಿದ ಎಡಿಎಸ್‌ಎಲ್ ಎಂಬ ತಂತ್ರದಲ್ಲಿ ಇಂಥ 256 ಪಟ್ಟಿಗಳು, ಒಂದೊಂದೂ 4.3125 ಕಿಲೋಹರ್ಟ್ಸ್ ಅಗಲ. ಮೋಡೆಮ್ ಶುರುವಾದಾಗ ಪ್ರತಿ ಪಟ್ಟಿಯಲ್ಲೂ ಗದ್ದಲ ಎಷ್ಟಿದೆ ಎಂದು ಅಳೆದು, ಚೆನ್ನಾಗಿರುವುದರ ಮೇಲೆ 15 ಬಿಟ್‌ವರೆಗೆ ಹೇರುತ್ತದೆ, ಕೆಟ್ಟದ್ದನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಉದಾಹರಣೆಗೆ, ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನಲ್ಲಿದೆ. ಲೆಕ್ಕ ಹಾಕಿದರೆ ಅದು 142ನೆಯ ಪಟ್ಟಿಯ ಮೇಲೆ ಬೀಳುತ್ತದೆ. ಕಂಬದ ಮೇಲಿನ ತಂತಿ ಏರಿಯಲ್‌ನಂತೆ ಆ ಪ್ರಸಾರವನ್ನು ಹಿಡಿದುಕೊಂಡರೂ ಚಿಂತೆಯಿಲ್ಲ, ಹಾಳಾಗುವುದು ಅಕ್ಕಪಕ್ಕದ ಕೆಲವೇ ಪಟ್ಟಿಗಳು. ತುಕ್ಕು ಹಿಡಿದ ಜಾಯಿಂಟ್ ಇರಲಿ, ಎಲ್ಲೂ ಮುಟ್ಟದೆ ಉಳಿದ ಕವಲುತಂತಿ ಇರಲಿ, ಇದ್ದುದರಲ್ಲಿ ಎಷ್ಟು ಸಿಗುತ್ತದೋ ಅಷ್ಟು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದಾಗ ನಮ್ಮ ಊರುಗಳಲ್ಲಿ ಹೊಸ ತಂತಿ ಎಳೆಯದೆ ಮಾತನ್ನೂ ಡೇಟಾವನ್ನೂ ಬೇರ್ಪಡಿಸುವ ಒಂದು ಸ್ಪ್ಲಿಟರ್ ಸಿಕ್ಕಿಸಿದರೆ ಸಾಕಾದದ್ದು ಈ ಉದಾರ ಗಣಿತದಿಂದಲೇ.

ಎರಡನೆಯ ಘಟ್ಟದ ತೊಡಕು ಕ್ರಾಸ್‌ಟಾಕ್. ಒಂದೇ ಕೇಬಲ್ಲಿನ ಜೋಡಿಗಳು ಒಂದರ ಸಿಗ್ನಲ್ಲನ್ನು ಇನ್ನೊಂದಕ್ಕೆ ಸೋರಿಸುತ್ತವೆ. 2002ರಲ್ಲಿ ಜಿನಿಸ್ ಮತ್ತು ಚಿಯೋಫಿ ಇದಕ್ಕೆ ಸೂಚಿಸಿದ ದಾರಿ ವೆಕ್ಟರಿಂಗ್: ಯಾವ ಜೋಡಿಯಿಂದ ಯಾವುದಕ್ಕೆ ಎಷ್ಟು ಸೋರುತ್ತದೆ ಎಂದು ಮೊದಲೇ ಅಳೆದು, ಕಳುಹಿಸುವ ಮುಂಚೆಯೇ ಅಷ್ಟನ್ನು ಕಳೆದುಬಿಡುವುದು. ನೆರೆಯ ಜೋಡಿಯಿಂದ ಬರುವ ಸೋರಿಕೆ ಆಯಾ ಜೋಡಿಯ ಸ್ವಂತ ಸಿಗ್ನಲ್ಲಿಗಿಂತ ಎಷ್ಟೋ ದುರ್ಬಲವಾದ್ದರಿಂದ ಸರಳವಾದ ಮ್ಯಾಟ್ರಿಕ್ಸ್ ಲೆಕ್ಕವೇ ಹೆಚ್ಚುಕಡಿಮೆ ಅತ್ಯುತ್ತಮ ಎಂದು ಸೆಂಡ್ರಿಲನ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದು ಈ ಕ್ಷೇತ್ರದ ಅಂದದ ಫಲಿತಾಂಶಗಳಲ್ಲೊಂದು. 2010ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ವೆಕ್ಟರಿಂಗನ್ನು ಮಾನಕವಾಗಿಸಿತು. ಅರ್ಧ ಕಿಲೋಮೀಟರಿನೊಳಗೆ ಸೆಕೆಂಡಿಗೆ 100 ಮೆಗಾಬಿಟ್ ಎಂಬ ಮಾತು ನಿಜವಾಯಿತು.

ಆದರೆ ವೆಕ್ಟರಿಂಗ್‌ಗೆ ಕೇಬಲ್ಲಿನ ಎಲ್ಲ ಜೋಡಿಗಳೂ ಒಂದೇ ಕಂಪನಿಯ ಒಂದೇ ಪೆಟ್ಟಿಗೆಯ ಹಿಡಿತದಲ್ಲಿರಬೇಕು ಎಂಬ ಷರತ್ತನ್ನು ಪ್ರಬಂಧಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಯೂರೋಪಿನಲ್ಲಿ ಅದೇ ತಂತಿಯನ್ನು ಪ್ರತಿಸ್ಪರ್ಧಿ ಕಂಪನಿಗಳಿಗೂ ಬಾಡಿಗೆಗೆ ಕೊಡಬೇಕೆಂಬ ನಿಯಮವಿತ್ತು. 2013ರಲ್ಲಿ ಜರ್ಮನಿಯ ನಿಯಂತ್ರಕ ಸಂಸ್ಥೆ ವೆಕ್ಟರಿಂಗ್‌ಗಾಗಿ ಆ ಬಾಡಿಗೆಯನ್ನು ಕೆಲವು ಷರತ್ತುಗಳ ಮೇಲೆ ನಿರಾಕರಿಸಲು ಡಾಯ್ಚೆ ಟೆಲಿಕಾಮ್‌ಗೆ ಅವಕಾಶ ಕೊಟ್ಟಿತು. ಮ್ಯಾಟ್ರಿಕ್ಸ್ ಲೆಕ್ಕವೊಂದು ಮಾರುಕಟ್ಟೆಯ ಸ್ಪರ್ಧೆಯನ್ನು ಕುಗ್ಗಿಸಬಲ್ಲದು ಎಂಬುದನ್ನು ಎಂಜಿನಿಯರುಗಳು ತಮ್ಮ ಪ್ರಶ್ನೆಯೆಂದೇ ಎಣಿಸಲಿಲ್ಲ. ಇದು ಈ ಸಂಶೋಧನಾ ಸಾಹಿತ್ಯದ ದೊಡ್ಡ ಕುರುಡು.

ಮೂರನೆಯ ಘಟ್ಟದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2014ರ ಜಿ.ಫಾಸ್ಟ್ ಎಂಬ ಮಾನಕ 106 ಮೆಗಾಹರ್ಟ್ಸ್‌ವರೆಗೆ ಏರಿತು. ಅಷ್ಟು ಮೇಲೆ ಸೋರಿಕೆ ಸ್ವಂತ ಸಿಗ್ನಲ್ಲನ್ನೇ ಸರಿಗಟ್ಟುತ್ತದೆ. ಸರಳ ಮ್ಯಾಟ್ರಿಕ್ಸ್ ಸಾಲದೆ ಭಾರವಾದ ಲೆಕ್ಕಗಳು ಬೇಕಾಗುತ್ತವೆ. ಅದೇ ವರ್ಷ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ಮುಟ್ಟಿ ಸುದ್ದಿಯಾಯಿತು. ತಂತಿಯ ಉದ್ದ 30 ಮೀಟರ್! ಫೈಬರ್ ಅಷ್ಟು ಹತ್ತಿರ ಬಂದ ಮೇಲೆ ಉಳಿದ 30 ಮೀಟರನ್ನೂ ಅದೇ ದಾಟಲಿ ಎಂದು ಕೇಳುವುದು ಸಹಜ. ಗೋಡೆ ಕೊರೆಯಲು ಬಿಡದ ಹಳೆಯ ವಸತಿ ಸಮುಚ್ಚಯಗಳಲ್ಲಿ ಮಾತ್ರ ಇದಕ್ಕೊಂದು ನಿಜವಾದ ಕೆಲಸವಿದೆ.