ಒಂದು ಕೊಠಡಿ, ಎರಡು ರಸೀತಿ

ಮಾರ್ಟನ್ ಎಂಬ ಆಂಗ್ಲ ನಾಟಕಕಾರನ 'ಬಾಕ್ಸ್ ಅಂಡ್ ಕಾಕ್ಸ್' ಪ್ರಹಸನವು 1847ರಲ್ಲಿ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ಮೊದಲು ಅಭಿನೀತವಾಯಿತು. ಬಾಕ್ಸನು ಇರುಳೆಲ್ಲ ಅಚ್ಚುಕೂಟದಲ್ಲಿ ದುಡಿಯುವವನು. ಕಾಕ್ಸನು ಹಗಲೆಲ್ಲ ಟೋಪಿಯಂಗಡಿಯಲ್ಲಿರುವವನು. ಬಿಡಾರದ ಒಡತಿಯು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಕೊಠಡಿಯನ್ನು ಇಬ್ಬರಿಗೂ ಕೊಟ್ಟು ಎರಡು ಬಾಡಿಗೆಗಳನ್ನು ಪಡೆಯುತ್ತಾಳೆ. ಕಾಕ್ಸನಿಗೆ ರಜೆ ದೊರೆತ ದಿನ ಗುಟ್ಟು ಬಯಲಾಗುತ್ತದೆ.

ಇಬ್ಬರೂ ಬಾಡಿಗೆಯ ರಸೀತಿಗಳನ್ನು ತೆಗೆದು ತೋರುವ ಸನ್ನಿವೇಶವೇ ಕೃತಿಯ ಜೀವಾಳ. ಎರಡು ರಸೀತಿಗಳೂ ದಿಟವಾದುವೇ. ಆದರೂ ಒಡತಿಯನ್ನು ಕರೆದಾಗ ಒಬ್ಬೊಬ್ಬನೂ ಬೇಡುವುದು ಮತ್ತೊಬ್ಬನನ್ನು ಹೊರಗಟ್ಟೆಂದು! ಹಣ ಪಡೆದವಳನ್ನು ಬಿಟ್ಟು ಹಣ ತೆತ್ತವರೇ ಪರಸ್ಪರ ಕಾದಾಡುವ ಈ ಲೋಕರೀತಿಯನ್ನು ಕವಿಯು ಚೆನ್ನಾಗಿ ಅರಿತಿದ್ದಾನೆ.

ನಿರ್ವಹಣದಲ್ಲಿ ಮಾತ್ರ ಅವನು ಸೋತಿದ್ದಾನೆ. ಒಡತಿಯು ತಪ್ಪನ್ನೊಪ್ಪಿ ಬೇರೊಂದು ಕೋಣೆಯ ಆಸೆ ತೋರಿದೊಡನೆ ಬಾಡಿಗೆಯ ಮಾತು ಅಡಗಿ, ಕಥೆಯು ಮದುವೆಯ ಗೊಂದಲಕ್ಕೆ ಹಾರುತ್ತದೆ. ಕಡೆಗೆ ಇಬ್ಬರೂ ಅಗಲಿದ ಒಡಹುಟ್ಟಿದವರೆಂದು ಅಪ್ಪಿಕೊಳ್ಳುತ್ತಾರೆ. ಹಾಸ್ಯವು ಸಿದ್ಧಿಸಿತು, ನಿಜ, ಲೆಕ್ಕವು ತೀರಲಿಲ್ಲ. ಅರೆದಿನದ ವಾಸಕ್ಕೆ ಇಡೀ ದಿನದ ಬಾಡಿಗೆ ತೆತ್ತವರಿಗೆ ಸೋದರಭಾವವು ಸಮಾಧಾನವಾದೀತು, ನ್ಯಾಯವಾಗಲಾರದು.